ನ್ಯೂಯಾರ್ಕಿನ ಕ್ರಿಸ್‌ಮಸ್‌ಗೆ ಎಳೆಮಕ್ಕಳು ಬಂದ ದಾರಿ

ಡಿಸೆಂಬರ್ ತಿಂಗಳಲ್ಲಿ ಆಗತಾನೆ ತಪ್ಪುಹೆಜ್ಜೆ ಇಡಲು ಕಲಿತ ಮಗುವನ್ನು ಕರೆದುಕೊಂಡು ನ್ಯೂಯಾರ್ಕ್ ನಗರ ನೋಡಿ ಬರುವುದು ಅಮೆರಿಕದ ಪೂರ್ವ ಕರಾವಳಿಯ ಕುಟುಂಬಗಳಲ್ಲಿ ಚೆನ್ನಾಗಿ ಬೇರೂರಿದ ವಾಡಿಕೆ. ಐದನೇ ಅವೆನ್ಯೂವಿನ ಅಂಗಡಿಗಳ ಗಾಜಿನ ಕಿಟಕಿಗಳು, ರಾಕ್‌ಫೆಲರ್ ಸೆಂಟರಿನ ದೀಪದ ಮರ, ಮೇಸೀಸ್ ಅಂಗಡಿಯ ಸಾಂಟಾಕ್ಲಾಸ್, ಆಟಿಕೆ ರೈಲುಗಳ ಪ್ರದರ್ಶನ, ಇವಿಷ್ಟು ಆ ಪ್ರವಾಸದ ಮುಖ್ಯ ತಾಣಗಳು. ನೋಡುವವರಿಗೆ ಇವೆಲ್ಲ ಹಬ್ಬದಷ್ಟೇ ಹಳೆಯವು ಎನಿಸುತ್ತದೆ. ಆದರೆ ಇನ್ನೂರು ವರ್ಷಗಳ ಹಿಂದೆ ಅದೇ ನಗರದ ಬೀದಿಗಳಲ್ಲಿ ಮಕ್ಕಳಿಗಾಗಿ ಕ್ರಿಸ್‌ಮಸ್ ಎಂಬುದೇ ಇರಲಿಲ್ಲ. ಇಂದಿನ ಈ ನೋಟಗಳನ್ನು ಕಟ್ಟಿದವರು ಬಹುಪಾಲು ವ್ಯಾಪಾರಿಗಳು. ಅದು ನಡೆದದ್ದು 1870ರಿಂದ 1940ರ ನಡುವೆ. ಆ ನೋಟಗಳವರೆಗೆ ಎಳೆಮಗುವನ್ನು ಒಯ್ಯುವ ಅನುಕೂಲಗಳು, ಅಂದರೆ ಹಗುರವಾದ ತಳ್ಳುಗಾಡಿ, ಸೋರದ ಡೈಪರ್, ಇಳಿಜಾರು ದಾರಿ, ಲಿಫ್ಟು, ಬೇರೆಯೇ ಜನರ ಕೈಯಿಂದ, ಬಹುಮಟ್ಟಿಗೆ ತಡವಾಗಿ ಬಂದವು. ಹಬ್ಬದ ಇತಿಹಾಸ ಬರೆದವರು ಮೊದಲನೆಯದನ್ನು ವಿವರವಾಗಿ ದಾಖಲಿಸಿದ್ದಾರೆ. ಎರಡನೆಯದಕ್ಕೂ ಅಷ್ಟೇ ಜಾಗ ಸಲ್ಲಬೇಕು, ಏಕೆಂದರೆ ಅದಿಲ್ಲದಿದ್ದರೆ ಮನೆಯ ಅತಿ ಚಿಕ್ಕ ಮಗು ಮನೆಯಲ್ಲೇ ಉಳಿಯುತ್ತಿತ್ತು.

ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ನ್ಯೂಯಾರ್ಕಿನ ಕ್ರಿಸ್‌ಮಸ್ ಮತ್ತು ಹೊಸವರ್ಷದ ದಿನಗಳೆಂದರೆ ಗಂಡಸರ ಕುಡಿತ, ತಮಟೆ ಕಹಳೆಗಳ ಗದ್ದಲ, ಶ್ರೀಮಂತರ ಬಾಗಿಲು ಬಡಿಯುವ ಗುಂಪುಗಳು. ಚಳಿಗಾಲದಲ್ಲಿ ಬಂದರಿನ ಕೆಲಸ ನಿಂತು ಕೂಲಿಯವರ ಕೈ ಖಾಲಿಯಾಗುತ್ತಿತ್ತು. ಊರು ಬೆಳೆದಂತೆ ಆ ಗದ್ದಲವೂ ಬೆಳೆಯಿತು. ಇದರಿಂದ ಬೇಸತ್ತ ಸಿರಿವಂತ ವರ್ತಕರು ಹಬ್ಬವನ್ನು ಬೀದಿಯಿಂದ ಮನೆಯೊಳಗೆ ತರಲು ಬಯಸಿದರು. ನ್ಯೂಯಾರ್ಕ್ ಹಿಸ್ಟಾರಿಕಲ್ ಸೊಸೈಟಿಯ ಸ್ಥಾಪಕರಲ್ಲಿ ಒಬ್ಬನಾದ ಜಾನ್ ಪಿಂಟಾರ್ಡ್ 1810ರ ಡಿಸೆಂಬರ್ 6ರಂದು ಸಂತ ನಿಕೊಲಾಸನ ಹೆಸರಿನಲ್ಲಿ ಔತಣ ಏರ್ಪಡಿಸಿ, ಅದಕ್ಕೆಂದು ಒಂದು ಚಿತ್ರಪಟವನ್ನು ಅಚ್ಚು ಹಾಕಿಸಿದ. ಸಂತನ ಪಕ್ಕದಲ್ಲಿ ಉಡುಗೊರೆ ಪಡೆದ ಒಳ್ಳೆಯ ಮಗು, ಅಳುತ್ತಿರುವ ತುಂಟ ಮಗು, ಎರಡೂ ಅದರಲ್ಲಿದ್ದವು. ಅದರ ಹಿಂದಿನ ವರ್ಷವೇ ವಾಷಿಂಗ್ಟನ್ ಇರ್ವಿಂಗ್ ತನ್ನ ವಿನೋದ ಇತಿಹಾಸದಲ್ಲಿ ಇದೇ ಸಂತನನ್ನು ಡಚ್ಚರ ಹಳೆಯ ನ್ಯೂಯಾರ್ಕಿನ ಪಾಲಕನೆಂದು ಚಿತ್ರಿಸಿದ್ದ. 1821ರಲ್ಲಿ ನ್ಯೂಯಾರ್ಕಿನಲ್ಲಿ ಅಚ್ಚಾದ ಮಕ್ಕಳ ಕಿರುಪುಸ್ತಕವೊಂದು ಆ ಸಂತನಿಗೆ ಹಿಮಸಾರಂಗದ ಬಂಡಿಯನ್ನು ಕೊಟ್ಟಿತು. 1823ರ ಡಿಸೆಂಬರ್ 23ರಂದು ಟ್ರಾಯ್ ಊರಿನ ಪತ್ರಿಕೆಯೊಂದು ಲೇಖಕರ ಹೆಸರಿಲ್ಲದೆ ಪ್ರಕಟಿಸಿದ, ಮುಂದೆ ಕ್ಲೆಮೆಂಟ್ ಕ್ಲಾರ್ಕ್ ಮೂರ್ ತನ್ನದೆಂದು ಒಪ್ಪಿಕೊಂಡ ಕವಿತೆ ಆ ಬಂಡಿಗೆ ಎಂಟು ಸಾರಂಗಗಳನ್ನು ಕಟ್ಟಿತು. 1863ರಿಂದ ಥಾಮಸ್ ನಾಸ್ಟ್ ‘ಹಾರ್ಪರ್ಸ್ ವೀಕ್ಲಿ’ಯಲ್ಲಿ ಬರೆದ ಚಿತ್ರಗಳು, ಸಾಂಟಾ ಕ್ಲಾಸ್ ಎನಿಸಿಕೊಂಡ ಆ ಸಂತನಿಗೆ ಗಡ್ಡ, ಹೊಟ್ಟೆ, ನಗೆ ಎಲ್ಲವನ್ನೂ ಸ್ಥಿರಗೊಳಿಸಿದವು. ಹೀಗೆ ಐವತ್ತು ವರ್ಷಗಳಲ್ಲಿ ಹಬ್ಬದ ಕೇಂದ್ರಕ್ಕೆ ಮಗು ಬಂತು. ಆದರೆ ಅದು ಮನೆಯ ಮಗು. ಹಬ್ಬ ಅದರ ಬಳಿಗೆ ಚಿಮಣಿಯಿಂದ ಇಳಿದು ಬರಬೇಕಿತ್ತೇ ಹೊರತು, ಮಗು ಹಬ್ಬವನ್ನು ಹುಡುಕಿಕೊಂಡು ಊರೊಳಗೆ ಹೋಗುವ ಪದ್ಧತಿ ಇನ್ನೂ ಹುಟ್ಟಿರಲಿಲ್ಲ.

ಅದನ್ನು ಹುಟ್ಟಿಸಿದ್ದು ಬಹುಮಹಡಿ ಅಂಗಡಿಗಳು. ರೋಲಂಡ್ ಹಸ್ಸಿ ಮೇಸಿ ಎಂಬಾತ 1858ರಲ್ಲಿ ಆರನೇ ಅವೆನ್ಯೂವಿನಲ್ಲಿ, 14ನೇ ಬೀದಿಯ ಸಮೀಪ ತನ್ನ ಬಟ್ಟೆ ಅಂಗಡಿ ತೆರೆದ. 1867ರ ಕ್ರಿಸ್‌ಮಸ್ ಮುನ್ನಾದಿನ ಅಂಗಡಿಯನ್ನು ನಡುರಾತ್ರಿಯವರೆಗೆ ತೆರೆದಿಟ್ಟಾಗ ಒಂದೇ ದಿನಕ್ಕೆ 6,000 ಡಾಲರ್ ಮೀರಿದ ವ್ಯಾಪಾರವಾಯಿತು. ಹಬ್ಬ ಎಷ್ಟು ದೊಡ್ಡ ಸುಗ್ಗಿ ಎಂಬುದು ಆಗ ಎಲ್ಲ ವರ್ತಕರಿಗೂ ಅರ್ಥವಾಯಿತು. 1874ರಲ್ಲಿ ಮೇಸಿ ತನ್ನ ಕಿಟಕಿಗಳಲ್ಲಿ ಪಿಂಗಾಣಿ ಗೊಂಬೆಗಳನ್ನು ಕೂರಿಸಿ, ‘ಅಂಕಲ್ ಟಾಮ್ಸ್ ಕ್ಯಾಬಿನ್’ ಕಾದಂಬರಿಯ ದೃಶ್ಯಗಳನ್ನು ತೋರಿಸಿದ. ಹಬ್ಬಕ್ಕೆಂದೇ ಸಿಂಗರಿಸಿದ ಕಿಟಕಿಗಳ ಪರಂಪರೆಯನ್ನು ಸಾಮಾನ್ಯವಾಗಿ ಇಲ್ಲಿಂದ ಲೆಕ್ಕ ಹಾಕುತ್ತಾರೆ. ದೊಡ್ಡ ಅಳತೆಯ ಗಾಜು ಅಗ್ಗವಾಗಿ ಸಿಗತೊಡಗಿದ್ದು ಇದಕ್ಕೆ ಒಂದು ಕಾರಣ. ಇನ್ನೊಂದು ಕಾರಣ ಸಾರಿಗೆ. 1878ರಲ್ಲಿ ಆರನೇ ಅವೆನ್ಯೂವಿನ ಮೇಲೆ ಎತ್ತರದ ಕಂಬಗಳ ರೈಲು ಓಡತೊಡಗಿ, 14ನೇ ಬೀದಿಯಿಂದ 23ನೇ ಬೀದಿಯವರೆಗಿನ ಅಂಗಡಿಸಾಲಿಗೆ ದೂರದ ಬಡಾವಣೆಗಳ ಹೆಂಗಸರೂ ಮಕ್ಕಳೂ ಬರುವಂತಾಯಿತು. ಒಳಗೆ ಹೋಗಿ ಕೊಳ್ಳಲು ಹಣ ಬೇಕು. ಹೊರಗೆ ನಿಂತು ನೋಡಲು ಬೇಡ. ಈ ಕಿಟಕಿಗಳು ಬಡ ವಲಸಿಗರ ಮಕ್ಕಳಿಗೂ ಸೇರಿದ್ದವು ಎಂಬುದು ಅವುಗಳ ಚರಿತ್ರೆಯಲ್ಲಿ ಬಹಳ ಮುಖ್ಯವಾದ ಸಂಗತಿ.

ಅದೇ ಕಾಲದಲ್ಲಿ ಆಟಿಕೆಗೆಂದೇ ಮೀಸಲಾದ ಅಂಗಡಿಗಳೂ ಬಂದವು. ಜರ್ಮನಿಯಿಂದ ವಲಸೆ ಬಂದ ಫ್ರೆಡರಿಕ್ ಆಗಸ್ಟ್ ಒಟ್ಟೊ ಶ್ವಾರ್ಟ್ಸ್ ಬಾಲ್ಟಿಮೋರಿನಲ್ಲಿ ಆರಂಭಿಸಿದ್ದ ವ್ಯಾಪಾರವನ್ನು 1870ರಲ್ಲಿ ನ್ಯೂಯಾರ್ಕಿಗೂ ತಂದ. ಬೆಳಕಿನ ವಿಷಯಕ್ಕೆ ಬಂದರೆ, ಎಡಿಸನ್ನನ ಜೊತೆಗಾರ ಎಡ್ವರ್ಡ್ ಜಾನ್ಸನ್ 1882ರಲ್ಲಿ ನ್ಯೂಯಾರ್ಕಿನ ತನ್ನ ಮನೆಯಲ್ಲಿ ಕೆಂಪು, ಬಿಳಿ, ನೀಲಿ ಬಣ್ಣದ 80 ವಿದ್ಯುತ್ ಬಲ್ಬುಗಳನ್ನು ಕಟ್ಟಿದ ಮರವನ್ನು ತಿರುಗಿಸಿ ತೋರಿಸಿದ. ಮೇಣದ ಬತ್ತಿಯ ಮರದ ಹತ್ತಿರ ಎಳೆಮಗುವನ್ನು ಬಿಡುವುದು ಅಪಾಯವೇ ಆಗಿತ್ತು. ವಿದ್ಯುತ್ ದೀಪಗಳು ಸಾಮಾನ್ಯರ ಮನೆಗೆ ಬರಲು ಹಲವು ದಶಕಗಳು ಹಿಡಿದವು, ಆದರೆ ಅಂಗಡಿಗಳು ಅವನ್ನು ಬೇಗ ಅಪ್ಪಿಕೊಂಡವು.

ಆಟಿಕೆ ರೈಲಿನ ಕತೆ ಇದಕ್ಕೆ ಹೊಂದಿಕೊಂಡೇ ಬರುತ್ತದೆ. ಜೋಶುವ ಲಯನೆಲ್ ಕೋವನ್ 1900ರ ಹೊತ್ತಿಗೆ ಮ್ಯಾನ್‌ಹಟನ್ನಿನಲ್ಲಿ ಬ್ಯಾಟರಿಯಿಂದ ಓಡುವ ಪುಟ್ಟ ಬಂಡಿಯನ್ನು ತಯಾರಿಸಿದ್ದು ಮಕ್ಕಳ ಆಟಕ್ಕಾಗಿ ಅಲ್ಲ. ಅಂಗಡಿಯ ಕಿಟಕಿಯಲ್ಲಿ ಸರಕನ್ನು ಹೊತ್ತು ಸುತ್ತುತ್ತ ದಾರಿಹೋಕರ ಕಣ್ಣು ಸೆಳೆಯಲಿ ಎಂದು. ಗಿರಾಕಿಗಳು ಸರಕನ್ನು ಬಿಟ್ಟು ಬಂಡಿಯನ್ನೇ ಕೊಡಿ ಎಂದು ಕೇಳತೊಡಗಿದರು. ಲಯನೆಲ್ ರೈಲುಗಳು ಅಮೆರಿಕದ ಕ್ರಿಸ್‌ಮಸ್ ಮರದ ಬುಡದಲ್ಲಿ ಶಾಶ್ವತವಾಗಿ ನೆಲೆಯೂರಿದ್ದು ಹೀಗೆ. ಇಂದಿಗೂ ಡಿಸೆಂಬರ್‌ನಲ್ಲಿ ನಗರಕ್ಕೆ ಬಂದ ಎರಡು ವರ್ಷದ ಮಗು ಅತಿ ಹೆಚ್ಚು ಹೊತ್ತು ನಿಂತು ನೋಡುವ ವಸ್ತು ಇದೇ. ಎತ್ತರದ ಮರ ಕತ್ತೆತ್ತಿದರೆ ಮಾತ್ರ ಕಾಣುತ್ತದೆ. ರೈಲು ಮಗುವಿನ ಕಣ್ಣಿನ ಮಟ್ಟದಲ್ಲೇ ಓಡುತ್ತದೆ, ಮರೆಯಾಗುತ್ತದೆ, ಮತ್ತೆ ಬರುತ್ತದೆ.

ಸಾಂಟಾ ಕ್ಲಾಸ್ ಅಂಗಡಿಗೆ ಮೈವೆತ್ತು ಬಂದದ್ದು ಯಾವಾಗ ಎಂಬುದರಲ್ಲಿ ಪೈಪೋಟಿಯಿದೆ. 1860ರ ದಶಕದಿಂದಲೇ ತಮ್ಮಲ್ಲಿ ಅವನಿದ್ದ ಎಂದು ಮೇಸೀಸ್ ಹೇಳಿಕೊಳ್ಳುತ್ತದೆ. ಮಸಾಚುಸೆಟ್ಸ್‌ನ ಬ್ರಾಕ್ಟನ್ ಊರಿನ ಅಂಗಡಿಕಾರ ಜೇಮ್ಸ್ ಎಡ್ಗರ್ 1890ರಲ್ಲಿ ತಾನೇ ವೇಷ ಹಾಕಿಕೊಂಡು ಮಕ್ಕಳ ನಡುವೆ ಓಡಾಡಿದ್ದನ್ನು ಹಲವರು ಮೊದಲನೆಯದೆಂದು ಎಣಿಸುತ್ತಾರೆ. ಅವನನ್ನು ನೋಡಲು ಬಾಸ್ಟನ್, ಪ್ರಾವಿಡೆನ್ಸ್ ಊರುಗಳಿಂದ ಮಕ್ಕಳು ರೈಲು ಹತ್ತಿ ಬಂದರೆಂಬ ಮಾತು ಈ ವಾಡಿಕೆಯ ಇತಿಹಾಸಕ್ಕೆ ಬಹಳ ಬೆಲೆಯುಳ್ಳದ್ದು: ಹಬ್ಬದ ನೋಟಕ್ಕಾಗಿಯೇ ಮಗುವನ್ನು ಊರಿಂದೂರಿಗೆ ಒಯ್ಯುವ ಪ್ರಯಾಣ ಅಲ್ಲಿ ಕಾಣಿಸಿಕೊಳ್ಳುತ್ತದೆ. ಮುಂದಿನ ಇಪ್ಪತ್ತು ವರ್ಷಗಳಲ್ಲಿ ದೊಡ್ಡ ಅಂಗಡಿಯೆಂದರೆ ಸಾಂಟಾ ಇರಲೇಬೇಕು ಎಂಬಂತಾಯಿತು. ವೇಷಧಾರಿಗಳ ಗುಣಮಟ್ಟ ಮಾತ್ರ ಒಂದೇ ಸಮ ಇರಲಿಲ್ಲ. ಚಾರ್ಲ್ಸ್ ಹೋವರ್ಡ್ 1937ರಲ್ಲಿ ನ್ಯೂಯಾರ್ಕ್ ರಾಜ್ಯದ ಆಲ್ಬಿಯನ್ ಊರಿನಲ್ಲಿ ಸಾಂಟಾಗಳಿಗೆಂದೇ ಶಾಲೆ ತೆರೆದ. ಗಡ್ಡ, ಉಡುಪಿನ ಜೊತೆಗೆ ಮಗುವಿನೊಡನೆ ಹೇಗೆ ನಡೆದುಕೊಳ್ಳಬೇಕೆಂಬುದೂ ಅಲ್ಲಿನ ಪಾಠವಾಗಿತ್ತು.

ಈ ಪಾಠದ ಅಗತ್ಯ ಎಳೆಮಕ್ಕಳ ವಿಷಯದಲ್ಲೇ ಹೆಚ್ಚು. ಎಂಟು ತಿಂಗಳ ಸುಮಾರಿಗೆ ಶುರುವಾಗುವ ಅಪರಿಚಿತರ ಭಯ ಅನೇಕ ಮಕ್ಕಳಲ್ಲಿ ಎರಡು ವರ್ಷದವರೆಗೂ ಉಳಿಯುತ್ತದೆ. ದಟ್ಟ ಗಡ್ಡದ ಹಿಂದೆ ಮುಖ ಕಾಣದ, ದೊಡ್ಡ ದನಿಯ ಮನುಷ್ಯನ ತೊಡೆಯ ಮೇಲೆ ಕೂರಿಸಿದರೆ ಅಂಥ ಮಗು ಕಿರುಚಿ ಅಳುವುದು ಆರೋಗ್ಯಕರ ಬೆಳವಣಿಗೆಯ ಲಕ್ಷಣ. ಅಳುವ ಮಗುವಿನ ಫೋಟೊ ಅಮೆರಿಕದ ಮನೆಮನೆಯ ಆಲ್ಬಮ್ಮಿನಲ್ಲಿದೆ. ಅದನ್ನು ತಮಾಷೆಯಾಗಿ ನೋಡುವ ರೂಢಿ ಮಗುವಿಗೆ ನ್ಯಾಯ ಮಾಡಿದಂತಲ್ಲ; ತಾಯಿಯ ಸೊಂಟದ ಮೇಲಿಂದಲೇ ಸಾಂಟಾನನ್ನು ನೋಡಿಸುವುದು ಸಾಕು ಎಂದು ಅನುಭವಿಗಳು ಕಂಡುಕೊಂಡಿದ್ದಾರೆ. ಇನ್ನೊಂದು ಬಗೆಯ ಅಪರಿಚಿತತೆಯೂ ಇತ್ತು. ಬಹುಕಾಲ ಅಂಗಡಿಗಳ ಸಾಂಟಾ ಬಿಳಿಯನೇ ಆಗಿದ್ದ. ಹಾರ್ಲೆಮ್ಮಿನ 125ನೇ ಬೀದಿಯ ಬ್ಲೂಮ್‌ಸ್ಟೈನ್ಸ್ ಅಂಗಡಿಯ ಮುಂದೆ ಕಪ್ಪು ಜನರು ತಮಗೆ ಕೆಲಸ ಕೊಡದಲ್ಲಿ ಕೊಳ್ಳುವುದಿಲ್ಲ ಎಂದು 1934ರಲ್ಲಿ ಧರಣಿ ಕೂತರು. ಅದೇ ಅಂಗಡಿಯಲ್ಲಿ 1940ರ ದಶಕದಲ್ಲಿ ಕಪ್ಪು ಸಾಂಟಾ ಮಕ್ಕಳನ್ನು ಬರಮಾಡಿಕೊಂಡ.

ನಗರದ ಕ್ರಿಸ್‌ಮಸ್ ಅಂಗಡಿಯ ಹೊಸ್ತಿಲು ದಾಟಿ ಮತ್ತೆ ಬೀದಿಗೆ ಇಳಿದದ್ದು ಇಪ್ಪತ್ತನೇ ಶತಮಾನದಲ್ಲಿ. 1912ರಲ್ಲಿ ಮ್ಯಾಡಿಸನ್ ಸ್ಕ್ವೇರ್ ಉದ್ಯಾನದಲ್ಲಿ ಎಲ್ಲರಿಗಾಗಿ ವಿದ್ಯುತ್ ದೀಪಗಳ ಸಾರ್ವಜನಿಕ ಮರ ನಿಂತಿತು. ಮನೆಯಲ್ಲಿ ಮರ ಇಡಲಾಗದವರನ್ನು ನೆನೆದು ಮಾಡಿದ ಕೆಲಸ ಅದು. 1924ರ ನವೆಂಬರ್ 27ರಂದು ಮೇಸೀಸ್ ತನ್ನ ಮೊದಲ ಮೆರವಣಿಗೆ ಹೊರಡಿಸಿತು. ಇಂದು ಅದು ಥ್ಯಾಂಕ್ಸ್‌ಗಿವಿಂಗ್ ಮೆರವಣಿಗೆಯೆಂದು ಹೆಸರಾಗಿದ್ದರೂ ಆಗ ಅದರ ಹೆಸರು ಕ್ರಿಸ್‌ಮಸ್ ಮೆರವಣಿಗೆ. ಹಾರ್ಲೆಮ್ಮಿನ 145ನೇ ಬೀದಿಯಿಂದ 34ನೇ ಬೀದಿಯ ಹೆರಾಲ್ಡ್ ಸ್ಕ್ವೇರ್‌ವರೆಗೆ ಸುಮಾರು ಆರು ಮೈಲಿ. ವೇಷ ಹಾಕಿ ನಡೆದವರು ಅಂಗಡಿಯ ನೌಕರರು. ಕೊನೆಯ ಬಂಡಿಯಲ್ಲಿ ಬಂದ ಸಾಂಟಾನಿಗೆ ಅಂಗಡಿಯ ಬಾಗಿಲಲ್ಲಿ ಕಿರೀಟ ತೊಡಿಸಿ, ಬೊಂಬೆಯಾಟದ ಕಲಾವಿದ ಟೋನಿ ಸಾರ್ಗ್ ರೂಪಿಸಿದ್ದ ಯಾಂತ್ರಿಕ ಗೊಂಬೆಗಳ ಕಿಟಕಿಯ ಪರದೆ ಸರಿಸಿದರು. ಮೆರವಣಿಗೆಯ ಉದ್ದೇಶ ಜನರನ್ನು ಆ ಕಿಟಕಿಯ ಮುಂದೆ ತಂದು ನಿಲ್ಲಿಸುವುದೇ ಆಗಿತ್ತು.

ಮೊದಲ ವರ್ಷಗಳಲ್ಲಿ ಸೆಂಟ್ರಲ್ ಪಾರ್ಕಿನ ಮೃಗಾಲಯದಿಂದ ಎರವಲು ತಂದ ಆನೆ, ಒಂಟೆ, ಕರಡಿಗಳು ಮೆರವಣಿಗೆಯಲ್ಲಿ ನಡೆದವು. ದೂರ ನಡೆದು ದಣಿದ ಪ್ರಾಣಿಗಳು ಕೂಗಿದಾಗ ಬೀದಿ ಬದಿಯ ಮಕ್ಕಳು ಹೆದರಿ ಅತ್ತರು. 1927ರಲ್ಲಿ ಪ್ರಾಣಿಗಳ ಬದಲು ಬಲೂನುಗಳು ಬಂದವು. ಸಾರ್ಗ್ ವಿನ್ಯಾಸ ಮಾಡಿ ಆಕ್ರನ್ ಊರಿನ ಗುಡ್‌ಇಯರ್ ಕಂಪನಿಯಲ್ಲಿ ರಬ್ಬರಿನಿಂದ ಮಾಡಿಸಿದ ಆಕೃತಿಗಳಲ್ಲಿ ಫೆಲಿಕ್ಸ್ ಬೆಕ್ಕು ಹೆಸರುವಾಸಿಯಾಯಿತು. ಸೂತ್ರದ ಬೊಂಬೆಯನ್ನು ಮೇಲಿನಿಂದ ಆಡಿಸುತ್ತಾರೆ; ಸಾರ್ಗ್ ಅದನ್ನು ತಿರುವಿ, ಕೆಳಗಿನಿಂದ ಹಗ್ಗ ಹಿಡಿದು ಆಡಿಸುವ ದೈತ್ಯ ಬೊಂಬೆ ಮಾಡಿದ. ಈ ಬದಲಾವಣೆಯಲ್ಲಿ ನಿಜವಾದ ತಿಳಿವಳಿಕೆಯಿದೆ. ಜನಜಂಗುಳಿಯಲ್ಲಿ ಎಳೆಮಗುವಿಗೆ ಕಾಣುವುದು ದೊಡ್ಡವರ ಕೋಟಿನ ಬೆನ್ನು ಮಾತ್ರ. ಅಪ್ಪನ ಹೆಗಲೇರಿದರೂ, ತಳ್ಳುಗಾಡಿಯಲ್ಲಿ ಮಲಗಿದ್ದರೂ ಕಾಣುವಂಥ ನೋಟ ಆಕಾಶದಲ್ಲೇ ಇರಬೇಕು. ಮೈಸೂರಿನ ಜಂಬೂಸವಾರಿಯ ದಿನ ಸಯ್ಯಾಜಿರಾವ್ ರಸ್ತೆಯ ಬದಿಯಲ್ಲಿ ಹೆಗಲ ಮೇಲೆ ಕೂತ ಮಕ್ಕಳಿಗೂ ಅಂಬಾರಿ ಕಾಣುವುದು ಅದು ಜನರ ತಲೆಯ ಮೇಲಿರುವುದರಿಂದಲೇ. 1942ರಿಂದ 1944ರವರೆಗೆ ಯುದ್ಧದಿಂದಾಗಿ ಮೆರವಣಿಗೆ ನಿಂತಿತು. ಬಲೂನುಗಳ ರಬ್ಬರನ್ನು ಸೇನೆಗೆ ಒಪ್ಪಿಸಲಾಯಿತು.

ಆರ್ಥಿಕ ಕುಸಿತದ ದಶಕವಾದ 1930ರ ದಶಕದಲ್ಲೇ ನಗರದ ಕ್ರಿಸ್‌ಮಸ್ ಇಂದಿನ ರೂಪ ಪಡೆಯಿತು ಎಂಬುದು ಗಮನಿಸಬೇಕಾದ ಸಂಗತಿ. 1931ರ ಡಿಸೆಂಬರ್‌ನಲ್ಲಿ ರಾಕ್‌ಫೆಲರ್ ಸೆಂಟರಿನ ಅಡಿಪಾಯ ತೋಡುತ್ತಿದ್ದ ಕೂಲಿಗಳು ತಮ್ಮಲ್ಲೇ ಹಣ ಕೂಡಿಸಿ 20 ಅಡಿಯ ಮರ ತಂದು, ಮನೆಯವರು ಮಾಡಿಕೊಟ್ಟ ಕ್ರ್ಯಾನ್‌ಬೆರಿ ಹಣ್ಣಿನ ಸರ, ಕಾಗದದ ಮಾಲೆ, ತಗಡಿನ ಚೂರುಗಳಿಂದ ಅಲಂಕರಿಸಿದರು. ಎಲ್ಲೆಡೆ ಕೆಲಸ ಹೋಗುತ್ತಿದ್ದ ಕಾಲದಲ್ಲಿ ಕೆಲಸ ಸಿಕ್ಕಿದವರ ಸಂತೋಷ ಅದು. 1933ರಲ್ಲಿ ಸಂಸ್ಥೆಯೇ 50 ಅಡಿಯ ಮರಕ್ಕೆ 700 ದೀಪ ಹಚ್ಚಿ ಅಧಿಕೃತ ಸಂಪ್ರದಾಯ ಆರಂಭಿಸಿತು. 1936ರ ಕ್ರಿಸ್‌ಮಸ್ ದಿನ ಅದರ ಬುಡದಲ್ಲಿ ಮಂಜುಗಡ್ಡೆಯ ಮೇಲೆ ಜಾರುವ ಅಂಗಳ ತೆರೆಯಿತು. 1944ರಲ್ಲಿ ಯುದ್ಧಕಾಲದ ಕತ್ತಲೆ ನಿಯಮದಿಂದ ಮರ ದೀಪವಿಲ್ಲದೆ ನಿಂತಿತು. 1999ರಲ್ಲಿ ಕನೆಕ್ಟಿಕಟ್‌ನ ಕಿಲಿಂಗ್‌ವರ್ತ್‌ನಿಂದ ಬಂದ 100 ಅಡಿಯ ಮರವೇ ಈವರೆಗಿನ ದಾಖಲೆ. 2007ರಿಂದ ಎಲ್‌ಇಡಿ ದೀಪಗಳು. ಈಗ ಅವುಗಳ ಸಂಖ್ಯೆ 50,000 ಮೀರುತ್ತದೆ.

ಪಕ್ಕದ ರೇಡಿಯೊ ಸಿಟಿ ಮ್ಯೂಸಿಕ್ ಹಾಲ್ 1932ರ ಡಿಸೆಂಬರ್ 27ರಂದು ತೆರೆಯಿತು. ಸುಮಾರು 6,000 ಆಸನಗಳ ಆ ರಂಗಮಂದಿರದಲ್ಲಿ ಮರುವರ್ಷದ ಡಿಸೆಂಬರ್‌ನಿಂದ ನಡೆಯುತ್ತಿರುವ ಕ್ರಿಸ್‌ಮಸ್ ಪ್ರದರ್ಶನದಲ್ಲಿ ಮರದ ಸೈನಿಕರ ಕವಾಯತು ಆರಂಭದಿಂದಲೂ ಉಳಿದು ಬಂದಿದೆ. ಲಾರ್ಡ್ ಅಂಡ್ ಟೇಲರ್ ಅಂಗಡಿ 1938ರಲ್ಲಿ ತನ್ನ ಐದನೇ ಅವೆನ್ಯೂ ಕಿಟಕಿಗಳಿಂದ ಸರಕನ್ನೆಲ್ಲ ತೆಗೆಸಿ, ತೂಗಾಡುವ ಹೊಂಬಣ್ಣದ ಗಂಟೆಗಳನ್ನು ಮಾತ್ರ ಇಟ್ಟಿತು. ಮಾರುವ ವಸ್ತುವೊಂದೂ ಇಲ್ಲದ ಕಿಟಕಿ ಅಂಗಡಿಗೆ ಲಾಭ ತರಬಲ್ಲದು ಎಂದು ನಂಬಲು ಧೈರ್ಯ ಬೇಕಿತ್ತು. ಆ ಕಟ್ಟಡದ ಕಿಟಕಿಗಳ ವೇದಿಕೆಗಳು ನೆಲಮಾಳಿಗೆಗೆ ಇಳಿಯುವ ಲಿಫ್ಟುಗಳ ಮೇಲಿದ್ದವು. ಕೆಳಗೆ ದೃಶ್ಯ ಕಟ್ಟಿ ಮೇಲಕ್ಕೆ ಏರಿಸುತ್ತಿದ್ದರು. ಈ ಸಾಲಿಗೆ ಕೊನೆಯದಾಗಿ ಸೇರಿದ್ದು ಜಾರ್ಜ್ ಬಾಲಂಚಿನ್‌ನ ‘ನಟ್‌ಕ್ರ್ಯಾಕರ್’ ಬ್ಯಾಲೆ. 1954ರ ಫೆಬ್ರವರಿ 2ರಂದು ಮೊದಲು ಆಡಿದ ಅದರಲ್ಲಿ ಕ್ರಿಸ್‌ಮಸ್ ಮರ ರಂಗದ ಮೇಲೆಯೇ 12 ಅಡಿಯಿಂದ 41 ಅಡಿಗೆ ಬೆಳೆಯುತ್ತದೆ. ಶಾಲೆಗೆ ಹೋಗುವ ಮಗುವಿಗೆ ಅದು ಮರೆಯಲಾಗದ ನೋಟ. ಎರಡು ವರ್ಷದ ಮಗುವಿಗೆ ಕತ್ತಲೆಯಲ್ಲಿ ಎರಡು ಗಂಟೆ ಅಲುಗದೆ ಕೂರುವ ಶಿಕ್ಷೆ.

ಎರಡನೇ ಮಹಾಯುದ್ಧದ ನಂತರ ಈ ಪ್ರವಾಸದ ಅರ್ಥವೇ ಬದಲಾಯಿತು. ಮಧ್ಯಮವರ್ಗದ ಕುಟುಂಬಗಳು ಲಾಂಗ್ ಐಲೆಂಡ್, ನ್ಯೂಜೆರ್ಸಿ, ಕನೆಕ್ಟಿಕಟ್‌ಗಳ ಹೊಸ ಬಡಾವಣೆಗಳಿಗೆ ಹೊರಟುಹೋದವು. 1947ರಲ್ಲಿ ಬಂದ ‘ಮಿರಾಕಲ್ ಆನ್ 34ತ್ ಸ್ಟ್ರೀಟ್’ ಚಿತ್ರದ ಚಿತ್ರೀಕರಣ ಮೇಸೀಸ್ ಅಂಗಡಿಯಲ್ಲೂ 1946ರ ನಿಜವಾದ ಮೆರವಣಿಗೆಯಲ್ಲೂ ನಡೆದಿತ್ತು. ನಗರ ಕಾಣದ ಮಕ್ಕಳಿಗೂ ಅದು ಆ ಬೀದಿಯನ್ನು ಪರಿಚಯಿಸಿತು. 1950ರ ದಶಕದಲ್ಲಿ ಪರಾಮಸ್‌ನಂಥ ಉಪನಗರಗಳಲ್ಲಿ ದೊಡ್ಡ ಮಾಲ್‌ಗಳು ತೆರೆದು, ಕಾರು ನಿಲ್ಲಿಸುವ ಜಾಗದ ಪಕ್ಕದಲ್ಲೇ ಸಾಂಟಾ ಸಿಗತೊಡಗಿದ. ಕೊಳ್ಳುವುದಕ್ಕಾಗಿ ಮ್ಯಾನ್‌ಹಟನ್ನಿಗೆ ಹೋಗುವ ಅಗತ್ಯ ಉಳಿಯಲಿಲ್ಲ. ಆದರೂ ಜನ ಹೋಗುವುದನ್ನು ಬಿಡಲಿಲ್ಲ. ತಾವು ಚಿಕ್ಕವರಿದ್ದಾಗ ತಂದೆತಾಯಿಯ ಕೈಹಿಡಿದು ನೋಡಿದ ಕಿಟಕಿಯನ್ನು ತಮ್ಮ ಮಗುವಿಗೂ ತೋರಿಸಬೇಕೆಂಬ ಆಸೆ ಅವರನ್ನು ಕರೆದೊಯ್ಯಿತು. ಮಗು ಎಷ್ಟು ಚಿಕ್ಕದಾದರೂ ಈ ಆಸೆ ಕಾಯುವುದಿಲ್ಲ. ಒಂದು ವರ್ಷದ ಮಗುವಿಗೆ ಏನೂ ನೆನಪಿರುವುದಿಲ್ಲವೆಂದು ತಿಳಿದೂ ಹೊರಡುತ್ತಾರೆ. ವ್ಯಾಪಾರ ಕಟ್ಟಿದ ವ್ಯವಸ್ಥೆ ಕುಟುಂಬದ ಪದ್ಧತಿಯಾಗಿ ಮಾರ್ಪಟ್ಟದ್ದು ಈ ತಲೆಮಾರಿನಲ್ಲಿ.

ಆ ಹೊತ್ತಿಗೆ ಎಳೆಮಗುವನ್ನು ಒಯ್ಯುವ ಸಾಧನಗಳೂ ಒಂದೊಂದಾಗಿ ಬರುತ್ತಿದ್ದವು. ಮಕ್ಕಳ ಗಾಡಿಯ ಚರಿತ್ರೆಯನ್ನು 1733ರಲ್ಲಿ ಇಂಗ್ಲೆಂಡಿನ ವಿಲಿಯಂ ಕೆಂಟ್ ಡೆವನ್‌ಶೈರ್ ಡ್ಯೂಕನ ಮಕ್ಕಳಿಗೆ ಮಾಡಿಕೊಟ್ಟ ಗಾಡಿಯಿಂದ ಹೇಳುವುದು ವಾಡಿಕೆ. ಅದನ್ನು ಎಳೆಯಬೇಕಾದದ್ದು ಆಡು ಅಥವಾ ಪುಟ್ಟ ತಳಿಯ ಕುದುರೆ. 1889ರಲ್ಲಿ ಬಾಲ್ಟಿಮೋರಿನ ವಿಲಿಯಂ ರಿಚರ್ಡ್‌ಸನ್ ತಳ್ಳುವವರ ಕಡೆಗೆ ಮಗುವಿನ ಮುಖ ತಿರುಗಿಸಬಹುದಾದ ತೊಟ್ಟಿಲಗಾಡಿಗೆ ಪೇಟೆಂಟ್ ಪಡೆದ. ಇವೆಲ್ಲ ಉದ್ಯಾನದ ಸಮದಾರಿಗೆ ಸರಿ. ರೈಲು, ಬಸ್ಸು ಹತ್ತುವುದಕ್ಕಲ್ಲ. ಆ ಕೊರತೆ ನೀಗಿಸಿದವನು ಬ್ರಿಟನ್ನಿನ ವಿಮಾನ ಎಂಜಿನಿಯರ್ ಓವನ್ ಮೆಕ್‌ಲಾರನ್. ಸ್ಪಿಟ್‌ಫೈರ್ ಯುದ್ಧವಿಮಾನದ ಮಡಚುವ ಚಕ್ರಗಳ ಮೇಲೆ ಕೆಲಸ ಮಾಡಿದ್ದ ಅವನು, ಪ್ರಯಾಣದಲ್ಲಿ ಭಾರವಾದ ಗಾಡಿಯೊಡನೆ ಮಗಳು ಪಡುತ್ತಿದ್ದ ಪಾಡು ನೋಡಿ 1965ರಲ್ಲಿ ಅಲ್ಯೂಮಿನಿಯಂ ಕೊಳವೆಗಳ, ಕೊಡೆಯ ಹಾಗೆ ಮಡಚುವ ಗಾಡಿ ರೂಪಿಸಿದ. ತೂಕ ಮೂರು ಕಿಲೋದೊಳಗೆ. ಮಗುವನ್ನು ಒಂದು ಕೈಯಲ್ಲಿ ಎತ್ತಿಕೊಂಡು ಇನ್ನೊಂದರಲ್ಲಿ ಮಡಚಬಹುದಿತ್ತು. ದೊಡ್ಡ ಊರಿನಲ್ಲಿ ಎಳೆಮಗುವಿನೊಡನೆ ಒಂದು ಇಡೀ ದಿನ ಕಳೆಯುವುದು ಸಾಮಾನ್ಯರಿಗೆ ಸಾಧ್ಯವಾದದ್ದರಲ್ಲಿ ಈ ಕೈಚಳಕದ ಪಾಲು ಯಾವ ದೀಪದ ಮರಕ್ಕಿಂತ ಕಡಿಮೆಯದಲ್ಲ.

ಡೈಪರಿನ ಕತೆಯ ಒಂದು ಅಧ್ಯಾಯ ಐದನೇ ಅವೆನ್ಯೂವಿನಲ್ಲೇ ನಡೆಯಿತು. ಬಟ್ಟೆಯ ಡೈಪರ್ ಒದ್ದೆಯಾದರೆ ಮಗುವಿನ ಉಡುಪು, ಹಾಸಿಗೆ ಎಲ್ಲವೂ ನೆನೆಯುತ್ತಿದ್ದವು. ಚಳಿಗಾಲದಲ್ಲಿ ಮನೆಯಿಂದ ದೂರ ಹೋಗಲು ಇದೇ ದೊಡ್ಡ ಅಡ್ಡಿ. ಮೇರಿಯನ್ ಡೊನೊವನ್ ಎಂಬ ತಾಯಿ ಸ್ನಾನದ ಮನೆಯ ಪ್ಲಾಸ್ಟಿಕ್ ಪರದೆಯನ್ನು ಕತ್ತರಿಸಿ ಹೊಲಿದು, ಪಿನ್ನಿನ ಬದಲು ಗುಂಡಿ ಹಚ್ಚಿ, ನೀರು ಸೋರದ ಹೊರಕವಚ ತಯಾರಿಸಿದಳು. ತಯಾರಕರು ಆಸಕ್ತಿ ತೋರದಿದ್ದಾಗ 1949ರಲ್ಲಿ ಅದನ್ನು ಸ್ಯಾಕ್ಸ್ ಫಿಫ್ತ್ ಅವೆನ್ಯೂ ಅಂಗಡಿಯಲ್ಲಿ ಮಾರಾಟಕ್ಕಿಟ್ಟಳು, ಅದು ಬೇಗನೆ ಜನಪ್ರಿಯವಾಯಿತು. 1961ರಲ್ಲಿ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿಯ ಪ್ಯಾಂಪರ್ಸ್ ಬಂದ ಮೇಲೆ ಒಗೆಯುವ ಚಿಂತೆಯೂ ತಪ್ಪಿತು. ಡೈಪರ್ ಬದಲಿಸುವ ಮೇಜು ಗಂಡಸರ ಶೌಚಾಲಯದಲ್ಲೂ ಇರಬೇಕೆಂಬ ನಿಯಮ ನ್ಯೂಯಾರ್ಕಿನ ಹೊಸ ಸಾರ್ವಜನಿಕ ಕಟ್ಟಡಗಳಿಗೆ ಬಂದದ್ದು 2010ರ ದಶಕದ ಕೊನೆಯಲ್ಲಿ. ಅಲ್ಲಿಯವರೆಗೆ ಈ ಕೆಲಸ ತಾಯಿಯದೇ ಎಂದು ನಗರದ ಗೋಡೆಗಳೇ ತೀರ್ಮಾನಿಸಿದ್ದವು.

ಕಾರಿನಲ್ಲಿ ಬರುವವರಿಗೆ ಮಗುವಿನ ಆಸನದ ಕಾನೂನು 1978ರಲ್ಲಿ ಟೆನೆಸಿ ರಾಜ್ಯದಿಂದ ಶುರುವಾಗಿ 1985ರ ಹೊತ್ತಿಗೆ ಎಲ್ಲ ರಾಜ್ಯಗಳಿಗೂ ಬಂತು. ರೈಲಿನಲ್ಲಿ ಬರುವವರಿಗೆ ಅಡ್ಡಿಯಾದದ್ದು ಮೆಟ್ಟಿಲು. 1913ರ ಫೆಬ್ರವರಿಯಲ್ಲಿ ತೆರೆದ ಗ್ರ್ಯಾಂಡ್ ಸೆಂಟ್ರಲ್ ನಿಲ್ದಾಣದ ವಿನ್ಯಾಸಕಾರರು ಮೇಲಿನ ಮತ್ತು ಕೆಳಗಿನ ಅಂತಸ್ತುಗಳನ್ನು ಇಳಿಜಾರು ದಾರಿಗಳಿಂದ ಜೋಡಿಸಿದ್ದರು. ಪೆಟ್ಟಿಗೆ ಹೊತ್ತ ಪ್ರಯಾಣಿಕರು ಸಲೀಸಾಗಿ ನಡೆಯಲಿ ಎಂಬುದು ಅವರ ಲೆಕ್ಕಾಚಾರ. ಶತಮಾನ ಕಳೆದ ಮೇಲೂ ಅದರ ಫಲ ಉಣ್ಣುತ್ತಿರುವವರಲ್ಲಿ ತಳ್ಳುಗಾಡಿಯ ಮಕ್ಕಳೂ ಇದ್ದಾರೆ. 1904ರ ಅಕ್ಟೋಬರ್ 27ರಂದು ಆರಂಭವಾದ ಸಬ್‌ವೇ, ಅಂದರೆ ನಗರದ ಸುರಂಗ ರೈಲು, ಅಂಥ ಕಾಳಜಿಯಿಂದ ಕಟ್ಟಿದ್ದಲ್ಲ. 44 ಇಂಚಿಗಿಂತ ಕುಳ್ಳಗಿರುವ ಮಕ್ಕಳಿಗೆ ಅಲ್ಲಿ ಟಿಕೆಟ್ ಬೇಡ, ಆದರೆ ಅದರ 472 ನಿಲ್ದಾಣಗಳಲ್ಲಿ ಹೆಚ್ಚಿನವುಗಳಿಗೆ ಇಳಿಯುವ ದಾರಿ ಮೆಟ್ಟಿಲೇ. ಮಗು, ಗಾಡಿ, ಚೀಲ ಮೂರನ್ನೂ ಹೊತ್ತು ಇಳಿಯುವ ತಾಯಂದಿರಿಗೆ ಅಪರಿಚಿತರು ಗಾಡಿಯ ಮುಂಬದಿ ಹಿಡಿದು ನೆರವಾಗುವುದು ನ್ಯೂಯಾರ್ಕಿಗರ ಮಾತಿಲ್ಲದ ಸೌಜನ್ಯ. ಲಿಫ್ಟಿಗಾಗಿ ನಿಜವಾದ ಹೋರಾಟ ಮಾಡಿದವರು ಅಂಗವಿಕಲರ ಸಂಘಟನೆಗಳು. 1990ರ ಅಂಗವಿಕಲರ ಹಕ್ಕಿನ ಕಾಯ್ದೆಯಿಂದ ಪಾದಚಾರಿ ದಾರಿಗಳ ಅಂಚುಗಳು ತಗ್ಗಾದವು, ಕೆಲವು ನಿಲ್ದಾಣಗಳಿಗೆ ಲಿಫ್ಟು ಬಂತು. ಗಾಲಿಕುರ್ಚಿಗೆ ದಾರಿ ಬಿಡಿಸಿದವರು ಮಗುವಿನ ಗಾಡಿಗೂ ದಾರಿ ಬಿಡಿಸಿದರು. ಈ ಋಣವನ್ನು ಮಕ್ಕಳ ಪ್ರವಾಸದ ಬಗ್ಗೆ ಬರೆಯುವವರು ನೆನೆಯಲೇಬೇಕು.

ನೋಟಗಳಲ್ಲೂ ಚಿಕ್ಕವರನ್ನು ಮನಸ್ಸಿನಲ್ಲಿಟ್ಟ ಕೆಲವು ಸೇರ್ಪಡೆಗಳಾಗಿವೆ. ಬ್ರಾಂಕ್ಸ್‌ನಲ್ಲಿರುವ ನ್ಯೂಯಾರ್ಕ್ ಸಸ್ಯೋದ್ಯಾನ 1992ರಿಂದ ಪ್ರತಿ ಚಳಿಗಾಲ ಗಾಜಿನ ಮನೆಯೊಳಗೆ ರೈಲು ಪ್ರದರ್ಶನ ನಡೆಸುತ್ತದೆ. ನಗರದ ಹೆಸರಾಂತ ಕಟ್ಟಡಗಳನ್ನು ತೊಗಟೆ, ಬೀಜ, ಕಾಯಿ, ರೆಂಬೆಗಳಿಂದ ಕಟ್ಟಿ, ಅವುಗಳ ನಡುವೆ ಪುಟ್ಟ ರೈಲುಗಳನ್ನು ಓಡಿಸುತ್ತಾರೆ. ಒಳಗೆ ಬೆಚ್ಚಗಿರುತ್ತದೆ, ನೆಲ ಸಮವಾಗಿರುತ್ತದೆ. ಎಳೆಮಗುವಿನೊಡನೆ ಹೊರಟಾಗ ಜಾಗದಷ್ಟೇ ಹೊತ್ತೂ ಮುಖ್ಯ. ಒಂದರಿಂದ ಎರಡು ವರ್ಷದ ಮಗುವಿಗೆ ದಿನಕ್ಕೆ 11ರಿಂದ 14 ಗಂಟೆ ನಿದ್ದೆ ಬೇಕು, ಮಧ್ಯಾಹ್ನದ ನಿದ್ದೆಯೂ ಅದರಲ್ಲಿ ಸೇರಿದೆ. ಸಂಜೆ ರಾಕ್‌ಫೆಲರ್ ಸೆಂಟರಿನ ನೂಕುನುಗ್ಗಲಿನ ಹೊತ್ತಿಗೆ ಅದು ಪೂರಾ ದಣಿದಿರುತ್ತದೆ. ಆದರೆ ಅಲ್ಲಿನ ಮರದ ದೀಪಗಳು ಹೆಚ್ಚಿನ ದಿನಗಳಲ್ಲಿ ಬೆಳಗಿನ 5 ಗಂಟೆಗೇ ಹತ್ತಿಕೊಳ್ಳುತ್ತವೆ. ನಸುಕಿನಲ್ಲೇ ಏಳುವ ಮಗುವಿರುವ ಮನೆಯವರು, ಬೀದಿ ಖಾಲಿಯಿರುವ ಆ ಹೊತ್ತಿನಲ್ಲೇ ಅದನ್ನು ಕರೆದೊಯ್ಯುವ ಜಾಣತನ ಕಲಿತಿದ್ದಾರೆ.

1965ರ ವಲಸೆ ಕಾನೂನಿನ ನಂತರ ಭಾರತದಿಂದ ಹೋದ ಕುಟುಂಬಗಳೂ ಈ ವಾಡಿಕೆಯನ್ನು ತಮ್ಮದಾಗಿಸಿಕೊಂಡವು. ನ್ಯೂಜೆರ್ಸಿಯ ಎಡಿಸನ್ ಸುತ್ತಮುತ್ತ ನೆಲೆಸಿದ ಕನ್ನಡದ ಮನೆಗಳಿಗೆ ಕ್ರಿಸ್‌ಮಸ್ ಧಾರ್ಮಿಕ ಹಬ್ಬವಲ್ಲದಿದ್ದರೂ ಕಚೇರಿಗೂ ಶಾಲೆಗೂ ಒಟ್ಟಿಗೆ ರಜೆ ಸಿಗುವ ದಿನಗಳು ಅವೇ. ನ್ಯೂಜೆರ್ಸಿ ಟ್ರಾನ್ಸಿಟ್ ರೈಲು ಹತ್ತಿ ಪೆನ್ ಸ್ಟೇಷನ್ನಿಗೆ ಬಂದರೆ ಮೇಸೀಸ್ ಅಂಗಡಿ ಒಂದೇ ಬೀದಿಯಾಚೆ.

2015ರಿಂದ ಈಚೆಗೆ ಹಳೆಯ ತಾಣಗಳಲ್ಲಿ ಕೆಲವು ಮಾಯವಾಗಿವೆ. ಶ್ವಾರ್ಟ್ಸ್ ಆಟಿಕೆ ಅಂಗಡಿ 2015ರಲ್ಲಿ ಐದನೇ ಅವೆನ್ಯೂವಿನ ಬಾಗಿಲು ಮುಚ್ಚಿ, 2018ರ ನವೆಂಬರ್‌ನಲ್ಲಿ ರಾಕ್‌ಫೆಲರ್ ಸೆಂಟರಿನಲ್ಲಿ ಮತ್ತೆ ತೆರೆಯಿತು. ಲಾರ್ಡ್ ಅಂಡ್ ಟೇಲರಿನ ಐದನೇ ಅವೆನ್ಯೂ ಕಟ್ಟಡ 2019ರ ಜನವರಿಯಲ್ಲಿ ಮುಚ್ಚಿತು. ಗಂಟೆಗಳು ತೂಗಿದ ಆ ಕಿಟಕಿಗಳಿಗೆ ಅದೇ ಕೊನೆ. 2020ರ ಸಾಂಕ್ರಾಮಿಕದ ಡಿಸೆಂಬರ್‌ನಲ್ಲಿ ಮೇಸೀಸ್‌ನ ಸಾಂಟಾ ಪರದೆಯ ಮೇಲೆ ಮಾತ್ರ ಕಾಣಿಸಿಕೊಂಡ, ರೇಡಿಯೊ ಸಿಟಿಯ ಪ್ರದರ್ಶನ ನಡೆಯಲಿಲ್ಲ. 2024ರಲ್ಲಿ ಸ್ಯಾಕ್ಸ್ ತನ್ನ ಮುಂಗೋಡೆಯ ಬೆಳಕಿನ ಪ್ರದರ್ಶನವನ್ನು ಕೈಬಿಟ್ಟಿತು. ಆನ್‌ಲೈನ್ ವ್ಯಾಪಾರದ ಹೊಡೆತಕ್ಕೆ ಸಿಕ್ಕ ಅಂಗಡಿಗಳು, ಹಣ ಕೇಳದೆ ಎಲ್ಲ ಮಕ್ಕಳಿಗೂ ತೋರಿಸುತ್ತಿದ್ದ ನೋಟಗಳನ್ನು ಒಂದೊಂದಾಗಿ ನಿಲ್ಲಿಸುತ್ತಿರುವುದು ನಗರಕ್ಕೆ ನಿಜವಾದ ನಷ್ಟ.

ದಾರಿಯ ಸ್ಥಿತಿ ಮಾತ್ರ ನಿಧಾನವಾಗಿ ಸುಧಾರಿಸುತ್ತಿದೆ. ಬಸ್ಸು ಹತ್ತುವ ಮುನ್ನ ಮಗುವನ್ನು ಎತ್ತಿ ಗಾಡಿ ಮಡಚಲೇಬೇಕೆಂಬ ಹಳೆಯ ನಿಯಮವನ್ನು ನಗರದ ಸಾರಿಗೆ ಸಂಸ್ಥೆ 2022ರಲ್ಲಿ ಪ್ರಾಯೋಗಿಕವಾಗಿ ಸಡಿಲಿಸಿ, ಕೆಲವು ಮಾರ್ಗಗಳಲ್ಲಿ ಬಿಚ್ಚಿದ ಗಾಡಿಗೆ ಬಸ್ಸಿನೊಳಗೆ ಜಾಗ ಗುರುತಿಸಿತು. ಮರುವರ್ಷ ಅದನ್ನು ಇನ್ನಷ್ಟು ಬಸ್ಸುಗಳಿಗೆ ವಿಸ್ತರಿಸಿತು. ಅಂಗವಿಕಲರ ಸಂಘಟನೆಗಳು ಹೂಡಿದ್ದ ಮೊಕದ್ದಮೆಗಳ ರಾಜಿಯಲ್ಲಿ, 2055ರೊಳಗೆ ಸಬ್‌ವೇ ನಿಲ್ದಾಣಗಳ ಶೇ. 95ರಷ್ಟನ್ನು ಮೆಟ್ಟಿಲಿಲ್ಲದೆ ತಲುಪುವಂತೆ ಮಾಡುವುದಾಗಿ ಅದೇ ಸಂಸ್ಥೆ 2022ರಲ್ಲಿ ಒಪ್ಪಿಕೊಂಡಿದೆ.